ಬಿಲ್ಲೆಯಿಲ್ಲದ ನಾಯಿ

ಬೀದಿ ನಾಯಿ ಎಂದು ಹೇಳಿಬಿಡುವುದು, ಅಷ್ಟೇ. ಅದರಲ್ಲೇನೂ ಕಷ್ಟವಿಲ್ಲ ಎಂದುಕೊಳ್ಳುತ್ತ ಲೀಲಾಧರ ಶೆಟ್ಟಿ ಜಗಲಿಯ ಕಂಬಕ್ಕೆ ತೂಗುಹಾಕಿದ ಕನ್ನಡಿಯ ಮುಂದೆ ಕೆನ್ನೆ ಉಬ್ಬಿಸಿ, ನೊರೆಯನ್ನು ಕಿವಿಯಿಂದ ಗದ್ದದವರೆಗೆ ಒಂದೇ ಎಳೆತಕ್ಕೆ ತೆಗೆದ. ಹೆದರುವುದಕ್ಕೆ ಅವನೇನು ಕಳ್ಳನೇ? ಮಾತು ಅವನ ಕೈಯೊಳಗಿನ ವಸ್ತು. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರ ಪದಕ್ಕೆ ಕುಳಿತಲ್ಲಿಂದಲೇ ಅರ್ಥ ಹೇಳಿ ಎದುರಾಳಿಯ ಬಾಯಿ ಮುಚ್ಚಿಸುವ ತಾಳಮದ್ದಲೆಯಲ್ಲಿ ಬೀಜಾಡಿಯಿಂದ ಬ್ರಹ್ಮಾವರದವರೆಗೆ ಅವನ ಹೆಸರು ಕೇಳದವರಿರಲಿಲ್ಲ. ಯಾವ ಪಾತ್ರ ಕೊಟ್ಟರೂ ಸೈ. ಕೊಂದವನ ಪಕ್ಷ ಕೊಟ್ಟರೆ ಕೊಂದದ್ದೇ ಧರ್ಮ ಎನ್ನಿಸಿಬಿಡುತ್ತಿದ್ದ. ಸತ್ತವನ ಪಕ್ಷ ಕೊಟ್ಟರೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಇಂಥವನಿಗೆ ಒಂದು ನಾಯಿಯನ್ನು ಬೀದಿಪಾಲು ಮಾಡುವುದು ಎಷ್ಟರ ಕೆಲಸ! ನಿನ್ನೆ ಸಂಜೆ ಹೆಂಡತಿಯ ಅಣ್ಣ ಮಂಜಯ್ಯ ಶೆಟ್ಟರು ಆರಾಮಕುರ್ಚಿಯಲ್ಲಿ ಒರಗಿಕೊಂಡು, "ಲೀಲಾಧರ ಭಾವ, ನಾಳೆ ಪಂಚಾಯ್ತಿಗೆ ನೀವೇ ಹೋಯ್ಬನ್ನಿ. ಮಾತಾಡುಕೆ ನಿಮ್ಮಷ್ಟ್ ಯಾರಿಗ್ ಬತ್ತ್?" ಎಂದಾಗ ಅವನಿಗೆ ಹೆಮ್ಮೆಯೇ ಆಗಿತ್ತು. ಎಲೆಗೆ ಸುಣ್ಣ ಹಚ್ಚುತ್ತ ಅವರು, "ನೀವ್ ಹೇಳಿರೆ ಒಂದ್ ಅನುಕೂಲ ಇತ್ತ್. ನಾಳೆ ಹೆಚ್ಚುಕಮ್ಮಿ ಆದ್ರೂ, ಮನಿಯವ್ರ್ ಹೇಳ್ದಂಗ್ ಆತಿಲ್ಲ" ಎಂದು ಸೇರಿಸಿದ್ದರು. ಆ ಮಾತು ತಲೆಯೊಳಗೆ ಇಳಿದದ್ದು ಮಾತ್ರ ಆಮೇಲೆ, ಚಾಪೆಯ ಮೇಲೆ ಮಗ್ಗುಲು ಬದಲಾಯಿಸುವಾಗ.

ಹೆಂಡತಿಯ ತವರಾದ ಈ ಹೆಬ್ಬಾಗಿಲ ಮನೆಯ ಕಟ್ಟು ಹಾಗೆ. ಆಸ್ತಿ ಇಳಿಯುವುದು ಹೆಣ್ಣುಮಕ್ಕಳ ಸಂತಾನಕ್ಕೆ, ಆಡಳಿತ ಅವರ ಅಣ್ಣತಮ್ಮಂದಿರದು, ಹುಟ್ಟಿದ ಮಕ್ಕಳು ತಾಯಿಮನೆಯವರು. ಗಂಡನೆಂಬವನಿಗೆ ಊಟಕ್ಕೆ ಎಲೆ ಉಂಟು, ಮಲಗಲು ಚಾಪೆ ಉಂಟು, ಒಂದು ಮಟ್ಟಿನ ಮರ್ಯಾದೆಯೂ ಉಂಟು. ಅಂಗಳದ ಒಂದು ಹಿಡಿ ಮಣ್ಣನ್ನು ನನ್ನದು ಎನ್ನುವ ಹಾಗಿಲ್ಲ. ಹೊಸ ಕಾನೂನು ಬಂದಿದೆ, ಜಿಲ್ಲೆ ಮೈಸೂರಿಗೆ ಸೇರಿಯಾಯಿತು, ಇನ್ನು ಎಲ್ಲ ಬದಲಾಗುತ್ತದೆ ಎಂದು ತೆಕ್ಕಟ್ಟೆ ಪೇಟೆಯಲ್ಲಿ ಚಹಾ ಕುಡಿಯುತ್ತ ಹೇಳುವವರಿದ್ದರು. ಹೆಬ್ಬಾಗಿಲಿನೊಳಗೆ ಏನೂ ಬದಲಾಗಿರಲಿಲ್ಲ. ಲೀಲಾಧರನಿಗೆ ಇದರಿಂದ ದುಃಖವೇನೂ ಇರಲಿಲ್ಲ, ಅಥವಾ ಇಲ್ಲವೆಂದು ಅವನು ಅಂದುಕೊಂಡಿದ್ದ. ಹುಟ್ಟಿದ ಬೀಜಾಡಿಯ ಮನೆ ಅಕ್ಕನ ಮಕ್ಕಳ ಪಾಲಿನದು, ಈ ಮನೆ ಹೆಂಡತಿಯ ಮಕ್ಕಳ ಪಾಲಿನದು. ಎರಡು ಮನೆಯ ನಡುವೆ ಕೈಬೀಸಿಕೊಂಡು ಓಡಾಡುವವನಷ್ಟು ಸುಖಿ ಯಾರು ಎಂದು ಅವನೇ ತಮಾಷೆ ಮಾಡುತ್ತಿದ್ದ. ಬೊಂಬಾಯಿಯ ಹೋಟೆಲಿನ ಗಲ್ಲಾದ ಕೆಲಸ ಬಿಟ್ಟು ಬಂದು ಉಮಾವತಿಯ ಕೈಹಿಡಿದಾಗ ಅವನ ಬಳಿ ಇದ್ದದ್ದು ಒಂದು ತಗಡಿನ ಪೆಟ್ಟಿಗೆ. ಮಗಳು ಪ್ರಫುಲ್ಲಾ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಬೀಜಾಡಿಯ ಮರಳಿನ ಮೇಲೆ ಬಲೆಗಳ ನಡುವೆ ಕುಂಯ್‌ಗುಡುತ್ತಿದ್ದ ಬಿಳಿಯ ನಾಯಿಮರಿಯೊಂದನ್ನು ಮೀನಿನ ಬುಟ್ಟಿಯಲ್ಲಿ ಹಾಕಿಕೊಂಡು ಬಂದಿದ್ದ. ಬುಟ್ಟಿಯೊಳಗೆ ಇಣುಕಿ ನೋಡಿ ಉಮಾವತಿ, "ತೌರಿಂದ ತಂದದ್ ಇಷ್ಟೇಯಾ?" ಎಂದು ನಕ್ಕಿದ್ದಳು. ಅವನೂ ನಕ್ಕಿದ್ದ. ಮರಿಗೆ ಬೊಳ್ಳ ಎಂದು ಹೆಸರಿಟ್ಟ.

ಬೊಳ್ಳ ಬೆಳೆದ ಬಗೆ ಯಾರೂ ಎಣಿಸದ್ದು. ಎದೆ ಅಗಲವಾಯಿತು, ದನಿ ದಪ್ಪವಾಯಿತು, ಹೆಬ್ಬಾಗಿಲಿನ ಹೊರಗೆ ನಿಂತು ಕೂಗಿದವರಿಗೆ ಒಳಗಿನವರ ಉತ್ತರಕ್ಕಿಂತ ಮೊದಲು ಅದರ ಉತ್ತರ ಸಿಗತೊಡಗಿತು. ಮಂಜಯ್ಯ ಶೆಟ್ಟರ ಕಣ್ಣಿಗೆ ಆಗ ಅದು ಬಿತ್ತು. ಪೇಟೆಯಲ್ಲಿ, ಮದುವೆ ಚಪ್ಪರದಲ್ಲಿ, ಕಂಬಳದ ಬದುವಿನಲ್ಲಿ "ನಮ್ಮನಿ ನಾಯಿ" ಎಂಬ ಮಾತು ಬರತೊಡಗಿತು. ಅದು ಸೀಮೆ ನಾಯಿಯ ತಳಿಯಂತೆ, ಅದರ ಅಜ್ಜನನ್ನು ಯಾರೋ ದೊರೆ ಹಡಗಿನಲ್ಲಿ ತಂದದ್ದಂತೆ. ಬೀಜಾಡಿಯ ಮೀನುಬುಟ್ಟಿ ಎಲ್ಲಿ ಹೋಯಿತೋ! ಲೀಲಾಧರ ಪಕ್ಕದಲ್ಲೇ ನಿಂತು ಹೌದು ಹೌದು ಎಂದು ತಲೆಯಾಡಿಸುತ್ತಿದ್ದ. ಕಳೆದ ವರ್ಷ ಪಂಚಾಯಿತಿಯವರು ಡಂಗುರ ಸಾರಿಸಿದರು: ನಾಯಿ ಸಾಕಿದವರು ಹೆಸರು ಬರೆಸಿ ಅದರ ಕೊರಳಿಗೆ ಹಿತ್ತಾಳೆಯ ಬಿಲ್ಲೆ ಕಟ್ಟಬೇಕು, ಕಚ್ಚಿದರೆ ಸಾಕಿದವರೇ ಜವಾಬ್ದಾರರು, ಕಚ್ಚಿಸಿಕೊಂಡವರ ಮದ್ದಿನ ಖರ್ಚು ಸಾಕಿದವರದೇ, ನಾಯಿಯನ್ನು ಕಟ್ಟಿಹಾಕಿ ನೋಡಿಕೊಳ್ಳುವುದೂ ಅವರದೇ, ಬಿಲ್ಲೆಯಿಲ್ಲದ್ದು ಬೀದಿ ನಾಯಿ, ಅದಕ್ಕೆ ವಿಷ. ಡಂಗುರ ಕೇಳಿ ಮಂಜಯ್ಯ ಶೆಟ್ಟರು ಹೊಟ್ಟೆ ಕುಲುಕಿಸಿ ನಕ್ಕರು. "ಹೆಬ್ಬಾಗಿಲ ಮನಿ ನಾಯಿಗೆ ಬಿಲ್ಲೆ ಎಂತಕೆ? ಊರಿಗೇ ಗೊತ್ತಿಲ್ಯಾ ಅದ್ ಯಾರದ್ದ್ ಅಂದೇಳಿ?" ಹಾಗಾಗಿ ಯಾರ ಹೆಸರೂ ಬರೆಸಲಿಲ್ಲ. ತಾನೇ ಹೋಗಿ ಬರೆಸಬಹುದಿತ್ತಲ್ಲ ಎಂದು ಲೀಲಾಧರನಿಗೆ ಆಗ ಒಂದು ಗಳಿಗೆ ಅನ್ನಿಸಿತ್ತು. ಯಾವ ಮನೆಯವನೆಂದು ಬರೆಸುವುದು? ಆ ಪ್ರಶ್ನೆಯನ್ನು ಅವನು ಅಲ್ಲಿಗೇ ಬಿಟ್ಟಿದ್ದ.

ಮುಖ ತೊಳೆದು ಅಂಗಿ ತೊಡುವಾಗ ಉಮಾವತಿ ಕಾಫಿ ತಂದಿಟ್ಟಳು. ಬಾಗಿಲಿಗೆ ಒರಗಿ ನಿಂತಳು. "ಎಂತ ಹೇಳ್ತ್ರಿ ಅಲ್ಲಿ?"

"ನಿನ್ನಣ್ಣ ಹೇಳ್ದಂಗೆ."

"ಪ್ರಫುಲ್ಲಾ ನಿನ್ನೆಯೂ ಸಮ ಉಣ್ಲಿಲ್ಲ. ಬೊಳ್ಳ ಎಲ್ಲಿ, ಬೊಳ್ಳ ಎಲ್ಲಿ ಅಂದೇಳಿ ಒಂದೇ ಸಮ."

"ಸಣ್ಣ ಮಕ್ಳಿಗೆ ನಾಕ್ ದಿನ. ಮತ್ತೆ ಮರ್ತ್ ಹೋತ್ತ್."

ಉಮಾವತಿ ಅವನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿ ಒಳಗೆ ಹೋದಳು. ಹೊರಡುವಾಗ ಮಂಜಯ್ಯ ಶೆಟ್ಟರು ಅಂಗಳದ ತುದಿಯವರೆಗೂ ಬಂದು ಬೆನ್ನು ತಟ್ಟಿದರು. "ಗೆದ್ಕಂಡೇ ಬನ್ನಿ. ಅಲ್ಲಿ ಹೆಬ್ಬಾಗಿಲ ಮನಿ ಹೆಸ್ರ್ ಬಂತೋ, ನಿಮ್ ಪೆಟ್ಟಿಗಿ ನೀವೇ ಹೊತ್ಕಣ್ಕಾತ್ತ್ ಕಾಣಿ!" ಎಂದು ದೊಡ್ಡದಾಗಿ ನಕ್ಕರು. ಗದ್ದೆಯಿಂದ ಹುಲ್ಲು ಹೊರುತ್ತಿದ್ದ ಆಳುಗಳೂ ನಕ್ಕರು. ಲೀಲಾಧರನೂ ನಕ್ಕ, ಅವನ ನಗು ಎಲ್ಲರಿಗಿಂತ ಜೋರಾಗಿಯೇ ಇತ್ತು.

ಕೊಯ್ಲು ಮುಗಿದು ಕೂಳೆ ಉಳಿದ ಗದ್ದೆಗಳ ನಡುವಿನ ಅಂಚಿನ ಮೇಲೆ ಕಾಲಿಟ್ಟದ್ದೇ ಅವನ ಬಾಯಿ ತಾನಾಗಿ ಕೆಲಸ ಶುರುಮಾಡಿತು. ನಾಯಿ ಒಬ್ಬನದಾಗುವುದು ಯಾವುದರಿಂದ? ಅನ್ನದಿಂದ ಎನ್ನುತ್ತೀರಾ? ಎಂಜಲೆಲೆಗೆ ಬರುವ ಕಾಗೆಗೂ ನಾವೇ ಅನ್ನ ಹಾಕುತ್ತೇವೆ, ಕಾಗೆ ನಮ್ಮದೇ? ನೆರಳಿನಿಂದ ಎನ್ನುತ್ತೀರಾ? ಜಗಲಿಯಲ್ಲಿ ದಾರಿಹೋಕನೂ ಮಲಗುತ್ತಾನೆ, ಮನೆಯವನಾದನೇ? ಎಷ್ಟು ವರ್ಷ ಇದ್ದರೇನು, ಇದ್ದದ್ದರಿಂದ ಹಕ್ಕು ಹುಟ್ಟುವುದಿಲ್ಲ. ಭೇಷ್ ಎಂದು ತನಗೆ ತಾನೇ ಹೇಳಿಕೊಂಡ. ಗಂಟಲು ತಿಳಿಯಾಗಿತ್ತು, ಬೆಳಗಿನ ಗಾಳಿ ಹಿತವಾಗಿತ್ತು, ಒಂದೊಂದು ವಾದಕ್ಕೂ ಮೂರು ಮೂರು ಉಪವಾದ ಹೊಳೆಯುತ್ತಿತ್ತು. ನಾಲ್ಕು ಹೆಜ್ಜೆ ಹೋದವನು ಸರಕ್ಕನೆ ನಿಂತ. ಅನ್ನ, ಜಗಲಿ, ಎಷ್ಟು ವರ್ಷ ಇದ್ದರೇನು... ಇದು ಯಾರ ವಿಷಯ ತಾನು ಹೇಳುತ್ತಿರುವುದು? ನಗು ಬಂತು. ನಗುತ್ತಿದ್ದಂತೆಯೇ ಮೈಯೆಲ್ಲ ಬಿಸಿಯಾಗಿ ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆಂದು ಗೊತ್ತಾಗದೆ ಹಿಂದೆ ತಿರುಗಿದರೆ, ಅಂಚಿನ ಮೇಲೆ ಬೊಳ್ಳ ಬರುತ್ತಿತ್ತು.

ಅದು ಗದ್ದೆ ಕೆಲಸದ ಹೆಂಗಸೊಬ್ಬಳನ್ನು ಕಚ್ಚಿದ ದಿನವೇ ಮಂಜಯ್ಯ ಶೆಟ್ಟರು ಅದರ ಕೊರಳ ಹಗ್ಗ ಬಿಚ್ಚಿಸಿ, ಆಳುಗಳ ಕೈಯಲ್ಲಿ ದೊಣ್ಣೆ ಕೊಟ್ಟು, ರಸ್ತೆಯಾಚೆಗೆ ಅಟ್ಟಿಸಿಬಿಟ್ಟಿದ್ದರು. ಹಗ್ಗ ಉಜ್ಜಿದಲ್ಲಿ ಕೂದಲು ಹೋಗಿ ಬರಿಯ ಚರ್ಮ ಕಾಣುತ್ತಿತ್ತು. ಪಕ್ಕೆ ಒಳಗೆ ಸರಿದಿತ್ತು. ಆದರೂ ಅವನನ್ನು ಕಂಡ ಸಂಭ್ರಮಕ್ಕೆ ಬಾಲವೊಂದೇ ಅಲ್ಲ, ಹಿಂಭಾಗವೇ ಅಲ್ಲಾಡುತ್ತಿತ್ತು. "ಹೋಗ್!" ಎಂದ. ಅದು ಕುಳಿತುಕೊಂಡಿತು. ಅವನು ನಡೆದರೆ ಎದ್ದು ನಡೆಯಿತು. ಬೀದಿ ನಾಯಿ ಎಂದು ಸಾಧಿಸಲು ಹೊರಟವನ ಹಿಂದೆ ಆ ನಾಯಿಯೇ ಸಾಕ್ಷಿ ಹೇಳಲು ಹೊರಟಂತೆ ಬಂದರೆ ಗತಿಯೇನು? ಬಗ್ಗಿ ಮಣ್ಣಹೆಂಟೆಯೊಂದನ್ನು ಎತ್ತಿ ಎಸೆದ. ಬೊಳ್ಳ ಛಂಗನೆ ಗದ್ದೆಗೆ ಹಾರಿ, ಹೆಂಟೆಯನ್ನು ಮೂಸಿ, ಮತ್ತೆ ಎಸೆಯಲೆಂದು ಕಾದು ನಿಂತಿತು. ಮರಿಯಾಗಿದ್ದಾಗ ಈ ಆಟ ಕಲಿಸಿದವನು ಅವನೇ. ಅವನ ಒಂದು ಕೂಗಿಗೆ ಅದು ಎಲ್ಲಿದ್ದರೂ, ಏನು ಮಾಡುತ್ತಿದ್ದರೂ ಬಿಟ್ಟು ಬರುತ್ತಿತ್ತು; ಮನೆಯಲ್ಲಿ ಬೇರೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅದು ನೆನಪಾಗುತ್ತಲೇ ಅವನು ಕಣ್ಣನ್ನು ಬೇರೆ ಕಡೆಗೆ ತಿರುಗಿಸಿದ.

ಆ ದಿನ ಅಂಗಳದಲ್ಲಿ ಭತ್ತ ಹರಡಿತ್ತು. ಯಾರೋ ತಾಳಮದ್ದಲೆಯ ಗೆಳೆಯನಿಗೆ ಅವನು ಒಂದು ಬಾಳೆಗೊನೆ ಕೊಟ್ಟಿದ್ದನೆಂದು ಮಂಜಯ್ಯ ಶೆಟ್ಟರಿಗೆ ಆಗಷ್ಟೇ ಗೊತ್ತಾಗಿತ್ತು. ಭತ್ತ ಹರಡುವ ಹೆಂಗಸರ ಮುಂದೆ, ಹೆಂಡತಿಯ ಮುಂದೆ, ಮಗಳ ಮುಂದೆ, "ಈ ಮನಿಯಗೆ ಬಾಳಿ ಸಿಪ್ಪಿ ಕೊಡುಕಾದ್ರೂ ಕೇಳಿ ಕೊಡ್ಕ್ ಭಾವ. ಗೊನಿ ನಿಮ್ದಾ?" ಎಂದು ಕೇಳಿದ್ದರು. ಮಾತಿನ ಮಲ್ಲನಿಗೆ ಒಂದು ಬಾಳೆಗೊನೆಯ ಪ್ರಶ್ನೆಗೆ ಉತ್ತರ ಬರಲಿಲ್ಲ! ಅದೇ ಹೊತ್ತಿಗೆ ಕೊಟ್ಟಿಗೆಯ ಹಿಂದಿನ ಕಿರುದಾರಿಯಲ್ಲಿ ಬಾಗಿ ಎಂಬ ಆಳುಹೆಂಗಸು ಗೊಬ್ಬರದ ಬುಟ್ಟಿ ಹಿಡಿದುಕೊಂಡು ಬಂದಳು. ಗದ್ದೆ ಕೆಲಸಕ್ಕೆ ಬರುವ ಬಾಗಿಯ ಜಾತಿಯವರು ಹೆಬ್ಬಾಗಿಲಿನಿಂದ ಬರುವ ಹಾಗಿಲ್ಲ, ಕೂಗಿ ತಿಳಿಸಿ ಬರುವ ಪದ್ಧತಿಯೂ ಅವರಿಗಿಲ್ಲ. ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುವುದು. ತೆಂಗಿನಕಾಯಿ ಕಳವಾಗುತ್ತದೆಂದು ಬೊಳ್ಳನನ್ನು ಹಗಲೂ ಬಿಟ್ಟಿರಬೇಕೆಂದು ಅಪ್ಪಣೆ ಮಾಡಿದವರು ಮಂಜಯ್ಯ ಶೆಟ್ಟರು. ಅದು ಎದ್ದು ಬಾಗಿಯತ್ತ ಓಡಿತು. ಶೆಟ್ಟರು "ಏಯ್! ಬಾ ಇಲ್ಲಿ! ಏಯ್!" ಎಂದು ಗರ್ಜಿಸಿದರು. ನಾಯಿ ತಿರುಗಿಯೂ ನೋಡಲಿಲ್ಲ. ಮತ್ತೆ ಗರ್ಜಿಸಿದರು. ಲೀಲಾಧರನಿಗೆ ಆಗ ಖುಷಿಯಾಯಿತು. ಕರೆಯಲಿ, ಇನ್ನೂ ಕರೆಯಲಿ, ಯಾರದ್ದೆಂದು ಈಗ ಗೊತ್ತಾಗಲಿ ಎಂದು, ಬಾಯಿಗೆ ಬಂದಿದ್ದ ಹೆಸರನ್ನು ನಾಲಗೆಯ ತುದಿಯಲ್ಲೇ ಹಿಡಿದುಕೊಂಡ. ಎಷ್ಟು ಹೊತ್ತು? ಒಂದು ಉಸಿರಿನಷ್ಟು. ಬಾಗಿ ಬುಟ್ಟಿ ಬಿಸಾಡಿ ಓಡುವಾಗ ನೋಡಿದ್ದು ಶೆಟ್ಟರನ್ನಲ್ಲ, ಅವನನ್ನು. ಮೀನಖಂಡಕ್ಕೆ ಹಲ್ಲು ಇಳಿದ ಮೇಲೆ ಅವನು "ಬೊಳ್ಳಾ" ಎಂದ. ನಾಯಿ ಆ ಕ್ಷಣವೇ ಬಿಟ್ಟು ಬಂದು ಅವನ ಕಾಲಬುಡದಲ್ಲಿ ಕುಳಿತಿತು.

ಹಾಗೆ ನೆನೆಯುತ್ತ ಹೋಗುತ್ತಿದ್ದವನ ಎದುರಿಗೆ ಬಾಗಿಯೇ ನಿಂತಿದ್ದಳು. ಅವನಿಗೆ ದಾರಿ ಬಿಡಲೆಂದು ಅಂಚಿನಿಂದ ಕೂಳೆಗದ್ದೆಗೆ ಇಳಿದಿದ್ದಳು. ಬಟ್ಟೆ ಸುತ್ತಿದ ಕಾಲನ್ನು ಊರಲಾರದೆ ತುದಿಬೆರಳಲ್ಲಿ ನಿಂತಿದ್ದಳು. ಅವಳೂ ಪಂಚಾಯಿತಿಗೇ ಹೊರಟದ್ದು. ಬೊಳ್ಳನನ್ನು ಕಂಡು ಅವಳು ಹಿಂದೆ ಸರಿಯುತ್ತಾಳೆಂದು ಅವನು ಕಾದ. ಅವಳು ಕುತ್ತಿಗೆ ಮುಂದೆ ಚಾಚಿ ಅದರ ಬಾಯನ್ನೇ ದಿಟ್ಟಿಸಿದಳು.

"ಒಡೇರೆ, ನಾಯಿ ಹುಷಾರಿತ್ತಾ? ಜೊಲ್ಲ್ ಗಿಲ್ಲ್ ಸುರಿತಿಲ್ಲೆ ಅಲ್ದಾ?"

"ಕಚ್ಚದ್ ನಾಯಿ ಹುಷಾರ್ ನಿಂಗೆ ಎಂತಕೆ ಬಾಗಿ?"

"ಕಚ್ಚದ್ಕೇ ಒಡೇರೆ." ಅವಳು ಕಣ್ಣು ಕೀಳಲಿಲ್ಲ. "ಕುಂದಾಪ್ರದ ಡಾಕ್ಟ್ರ್ ಹೇಳಿರ್. ನಾಯಿನ ಕಟ್ಟಿ ಹಾಕಿ ಹತ್ತ್ ದಿನ ಕಾಣ್ಕ್ ಅಂಬ್ರ್. ಅದ್ ಬದ್ಕಿ ಉಳ್ದ್ರೆ ಹುಚ್ಚಿಲ್ಲೆ, ನಂಗೂ ಹೆದ್ರಿಕಿ ಇಲ್ಲೆ, ಹಾಕ್ದ ಸೂಜಿ ಸಾಕ್. ಮಧ್ಯದಗೆ ಅದ್ ಕಾಣೆ ಆದ್ರೆ, ಯಾರಾರೂ ಕೊಂದ್ರೆ, ನಂಗೆ ಎಂತದೂ ಗೊತ್ತಾತಿಲ್ಲ. ನಮ್ಮ್ ಚಿಕ್ಕಪ್ಪ ಹಾಂಗೇ ಸತ್ತದ್. ನೀರ್ ಕಂಡ್ರೆ ಕೂಗ್ತಿದ್ದ. ಕಟ್ಟಿ ಹಾಕಿರ್ ಅವನ್ನ." ದನಿ ಇಳಿಸಿ, ಯಾರಿಗೂ ಹೇಳಬಾರದ್ದನ್ನು ಹೇಳುವವಳಂತೆ ಅಂದಳು: "ನಿನ್ನೆ ಸಂಜಿಗ್ ನಮ್ಮನಿ ಬದಿಗ್ ಬಂದಿತ್. ಹೆದ್ರಿಕಿ ಆಯ್ತ್. ಆದ್ರೂ ಗಂಜಿ ಹಾಕ್ದೆ. ಪೂರಾ ತಿಂತ್. ನೀರೂ ಕುಡಿತ್ ಒಡೇರೆ!"

ನೀರು ಕುಡಿಯಿತು ಎನ್ನುವಾಗ ಅವಳ ಮುಖ ಅರಳಿತು. ಲೀಲಾಧರ "ಒಳ್ಳೇದಾಯ್ತ್" ಎಂದು ಮುಂದೆ ನಡೆದ. ಕಿವಿ ಬಿಸಿಯಾಗಿತ್ತು. ಅವಳು ಅಂಚಿಗೆ ಹತ್ತಿ ಹಿಂದಿನಿಂದ ಕುಂಟುತ್ತ ಬರುವುದು, ಬೊಳ್ಳ ಇಬ್ಬರ ನಡುವೆ ಬರುವುದು ತಿರುಗದೆಯೇ ಅವನಿಗೆ ತಿಳಿಯುತ್ತಿತ್ತು. ಏನಾದರೂ ಮಾಡೋಣ, ಮೊದಲು ಈ ಕೆಲಸ ಮುಗಿಯಲಿ ಎಂದುಕೊಂಡ. ಬೀದಿ ನಾಯಿ ಎಂದಾದ ಮೇಲೂ ಪಂಚಾಯಿತಿ ಅಧ್ಯಕ್ಷ ಹಂದೆಯವರಿಗೆ ಒಂದು ಮಾತು ಹೇಳಿ ನಾಲ್ಕು ದಿನ ಉಳಿಸಿದರಾಯಿತು. ತನ್ನ ಮಾತನ್ನು ಹಂದೆಯವರು ತೆಗೆದುಹಾಕುವುದುಂಟೇ?

ಪಂಚಾಯಿತಿ ಕಚೇರಿಯೆಂದರೆ ಹೆದ್ದಾರಿಯ ಬದಿಯಲ್ಲಿ ಹೆಂಚಿನ ಒಂದು ಕೋಣೆ, ಮುಂದೊಂದು ಜಗಲಿ, ಅಂಗಳದಲ್ಲಿ ಗೇರುಮರ. ಅಧ್ಯಕ್ಷ ವೈಕುಂಠ ಹಂದೆಯವರು ಕೋಟದ ಕಡೆಯವರು, ನಾಯಿಯ ಕಾಯಿದೆಯನ್ನು ಹಠಹಿಡಿದು ತಂದವರು ಅವರೇ. ತಾಳಮದ್ದಲೆಯ ಮರುಳು ಮಾತ್ರ ಕಾಯಿದೆಯ ಮರುಳಿಗಿಂತ ಒಂದು ಹಿಡಿ ಹೆಚ್ಚು. ಲೀಲಾಧರ ಶೆಟ್ಟಿ ಮಾತಾಡುತ್ತಾನಂತೆ ಎಂಬ ಸುದ್ದಿಗೇ ಜಗಲಿ ತುಂಬಿತ್ತು. ಅವನು ಚಪ್ಪಲಿ ಬಿಟ್ಟು ಜಗಲಿ ಹತ್ತಿದ. ಬಾಗಿ ಗೇರುಮರದ ಕೆಳಗೆ ನಿಂತಳು. ಹಂದೆಯವರು, "ಬನ್ನಿ ಬನ್ನಿ ಶೆಟ್ರೆ. ಬಿಲ್ಲೆ ಇಲ್ಲದ್ ನಾಯಿ ಈ ಹೆಣ್ಣಿಗೆ ಕಚ್ಚಿತ್ತ್. ಹೆಬ್ಬಾಗಿಲ ಮನಿದ್ದ್ ಅಂಬ್ರ್. ನೀವ್ ಎಂತ ಹೇಳ್ತ್ರಿ?" ಎಂದು, ಪದ ಮುಗಿಸಿದ ಭಾಗವತರ ಹಾಗೆ ಹಿಂದಕ್ಕೆ ಒರಗಿದರು.

ಅವನು ಹೇಳಿದ. ಗಂಟಲು ಸರಿಮಾಡಿಕೊಂಡು, ಹೆಗಲ ಶಾಲು ತಿದ್ದಿಕೊಂಡು, ಮನೆಮಾತು ಬಿಟ್ಟು ತಾಳಮದ್ದಲೆಯ ಕನ್ನಡಕ್ಕೆ ಏರಿದ. "ಸಭಾಸದರೇ, ಒಡೆತನವೆಂದರೇನು? ಮೊದಲು ಅದನ್ನು ನಿಶ್ಚಯಿಸೋಣ. ಅನ್ನವಿಕ್ಕಿದ ಮಾತ್ರಕ್ಕೆ ಒಡೆತನ ಬರುವುದಾದರೆ ಈ ಊರಿನ ಕಾಗೆಗಳೆಲ್ಲ ಯಾರ ಸ್ವತ್ತು?" ಕಾಗೆಯ ಮಾತಿಗೆ ಜಗಲಿ ನಕ್ಕಿತು. ಜಗಲಿಯ ದಾರಿಹೋಕನ ಮಾತಿಗೆ ತಲೆದೂಗಿತು. ಕೊರಳಿನಲ್ಲಿ ಬಿಲ್ಲೆಯಿಲ್ಲದಿರುವುದೇ ಒಡೆಯನಿಲ್ಲವೆಂಬುದಕ್ಕೆ ಪಂಚಾಯಿತಿಯೇ ಕೊಟ್ಟ ಪ್ರಮಾಣ ಎಂದಾಗ ಹಂದೆಯವರು ತೊಡೆ ತಟ್ಟಿಕೊಂಡರು. ಮಾತಿನ ಬಿಸಿ ಏರಿತು, ಅವನಿಗೆ ತನ್ನ ದನಿಯಲ್ಲದೆ ಬೇರೇನೂ ಕೇಳಿಸದಾಯಿತು. ಹಿಂದಿನಿಂದ ದುಗ್ಗಪ್ಪನೆಂಬ ಚಹಾದಂಗಡಿಯವನು, "ಅಲ್ಲ ಶೆಟ್ರೆ, ಇಷ್ಟ್ ವರ್ಷ ಆ ಮನಿ ಅನ್ನವೇ ಅಲ್ದಾ ಅದ್ ತಿಂದದ್?" ಎಂದು ಕೆಣಕಿದ. ಎದುರಾಳಿ ಇಂಥ ಸಂದು ಕೊಟ್ಟರೆ ಬಿಡುವವನೇ ಅವನು? ಕೈಯನ್ನು ನಿಧಾನವಾಗಿ ಗೇರುಮರದ ಕಡೆಗೆ ಚಾಚಿದ. "ಅನ್ನದ ಲೆಕ್ಕವೇ ಬೇಕೇ? ಕೇಳಿ. ನಿನ್ನೆ ಸಂಜೆ ಆ ನಾಯಿಗೆ ಗಂಜಿ ಎರೆದವಳು ಅಲ್ಲಿ ನಿಂತಿದ್ದಾಳೆ. ಹಾಗಾದರೆ ನಾಯಿ ಯಾರದು? ಬಾಗಿಯದು! ತನ್ನ ನಾಯಿಯೇ ತನ್ನನ್ನು ಕಚ್ಚಿದೆ ಎಂದು ದೂರು ಕೊಟ್ಟ ಮಹಾತಾಯಿಯನ್ನು ಈ ಸಭೆ ಕಂಡುಕೊಳ್ಳಲಿ!"

ಜಗಲಿ ಹೋ ಎಂದು ನಕ್ಕಿತು. ಹಂದೆಯವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಚಪ್ಪಾಳೆಯೂ ಬಿತ್ತು. ಗೇರುಮರದ ಕೆಳಗೆ ಬಾಗಿಯೂ ನಕ್ಕಳು. ದೊಡ್ಡವರೆಲ್ಲ ನಗುವಾಗ ನಗದೆ ನಿಲ್ಲುವುದು ಹೇಗೆಂದು ನಕ್ಕ ನಗು ಅದು. ಅವಳಿಗೆ ಮಾತು ಅರ್ಥವಾಗಿತ್ತೋ ಇಲ್ಲವೋ. ತಾನು ಗುಟ್ಟಾಗಿ ಹೇಳಿದ ಗಂಜಿಯ ವಿಷಯ ಎಲ್ಲರ ಬಾಯಿಗೆ ಹೇಗೆ ಬಂತೆಂದು ಮಾತ್ರ ಅವನ ಕಡೆಗೆ ನೋಡಿದಳು. ಬುಟ್ಟಿ ಬಿಸಾಡಿ ಓಡುವಾಗ ನೋಡಿದ ಹಾಗೆಯೇ ನೋಡಿದಳು. ಲೀಲಾಧರ ಗೆದ್ದಿದ್ದ. ಇಷ್ಟು ಚೆನ್ನಾಗಿ ಅವನು ಯಾವತ್ತೂ ಗೆದ್ದಿರಲಿಲ್ಲ. ನಾಚಿಕೆಯಾಗಿ ಅವಳ ಕಣ್ಣು ತಪ್ಪಿಸಿದ.

"ಆಯ್ತ್ ಹಾಂಗಾರೆ," ಹಂದೆಯವರು ಕಣ್ಣೊರೆಸಿಕೊಂಡರು. "ಒಡೆಯರಿಲ್ಲದ್ ನಾಯಿ. ಬೀದಿ ನಾಯಿ ಅಂದ್ಮೇಲೆ ಕಾಯಿದೆ ಪ್ರಕಾರ ಇವತ್ತೇ ವಿಷ ಹಾಕಿ ಮುಗ್ಸುದ್."

"ಇವತ್ತ್ ಬ್ಯಾಡ ಒಡೇರೆ!" ಬಾಗಿ ಮರದ ಕೆಳಗಿನಿಂದ ಕೂಗಿದಳು. "ಹತ್ತ್ ದಿನ ಬಿಡಿ. ಕಟ್ಟಿ ಹಾಕಿ. ಅದ್ ಸತ್ರೆ ನಂಗೆ..."

"ಕಟ್ಟಿ ಹಾಕುದ್ ಯಾರ್ ಬಾಗಿ? ಬೀದಿ ನಾಯಿನ ಪಂಚಾಯ್ತಿ ಕಟ್ಟಿ ಸಾಕೂಕೆ ಆತ್ತಾ?" ಹಂದೆಯವರ ದನಿಯಲ್ಲಿ ಕನಿಕರವಿತ್ತು, ಕಾಯಿದೆಯೂ ಇತ್ತು. ಈಗ ಹೇಳಬೇಕೆಂದಿದ್ದ ಆ ಒಂದು ಮಾತು ಲೀಲಾಧರನ ಬಾಯಿಗೆ ಬಂತು. ಬಂದಂತೆಯೇ ಅದು ಎಷ್ಟು ಹುರುಳಿಲ್ಲದ್ದೆಂದು ಗೊತ್ತಾಯಿತು. ನಾಲ್ಕು ದಿನ ಬಿಡಿ ಎಂದರೆ ಎಲ್ಲಿ ಬಿಡುವುದು, ಯಾರು ನೋಡುವುದು? ಅವನು ಜಗಲಿಯ ಕೆಳಗೆ ನೋಡಿದ. ಸಾಲಾಗಿ ಬಿಟ್ಟ ಇಪ್ಪತ್ತೆಂಟು ಬಗೆಯ ಚಪ್ಪಲಿಗಳ ನಡುವೆ ಬೊಳ್ಳ ಅವನ ಜೋಡಿಯನ್ನು ಹುಡುಕಿ, ಅದರ ಮೇಲೆ ಗದ್ದ ಊರಿ ಮಲಗಿತ್ತು. ಇಷ್ಟು ಹೊತ್ತೂ ಹಾಗೆಯೇ ಮಲಗಿದ್ದಿರಬೇಕು. ಅದನ್ನು ಕಂಡೂ ಜಗಲಿಯ ಒಬ್ಬರೂ ಬಾಯಿಬಿಟ್ಟಿರಲಿಲ್ಲ. ಅವನ ಮಾತು ಕೆಡಿಸಬಾರದೆಂದು ಸುಮ್ಮನಿದ್ದಿರಬೇಕು. ತಗಡಿನ ಪೆಟ್ಟಿಗೆ ಕಣ್ಣ ಮುಂದೆ ಬಂತು, ಪ್ರಫುಲ್ಲಾಳ ಮುಖ ಬಂತು. ಆಮೇಲೆ ವಿಚಿತ್ರವಾದ ಒಂದು ಹಗುರತನ ಬಂತು. ಶಾಲನ್ನು ಹೆಗಲಿಂದ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡ.

"ನಾಯಿ ನಂದ್," ಎಂದ.

ಹಂದೆಯವರು ಇನ್ನೊಂದು ಪ್ರಸಂಗ ಶುರುವಾಯಿತೆಂಬ ಆಸೆಯಿಂದ ಮುಂದೆ ಬಾಗಿದರು. "ಈಗಷ್ಟೇ ಅಲ್ಲ ಅಂದ್ರಿ!"

"ಅದ್ ಭಾವಯ್ಯ ಹೇಳಿಕೊಟ್ಟದ್. ಲಾಯ್ಕ್ ಹೇಳ್ದೆ, ಅಲ್ದಾ? ಇದ್ ನಾನ್ ಹೇಳುದ್. ಬೀಜಾಡಿಯಿಂದ ತಂದವ ನಾನ್. ಸಾಕ್ದವ ನಾನ್. ನಾನ್ ಕರದ್ರೆ ಬತ್ತ್, ಮತ್ತ್ ಯಾರ್ ಕರದ್ರೂ ಬಪ್ಪುದಿಲ್ಲ. ಆ ದಿನ ಬಾಗಿ ಓಡುವಾಗ ನಾನ್ ನಾಯಿನ ಕರಿಬೇಕಿತ್. ಭಾವಯ್ಯ ಕರ್ದ್ ಕರ್ದ್ ಸೋಲುದ್ ಕಾಂಬ ಅಂದೇಳಿ ಸುಮ್ನೆ ನಿಂತೆ. ಕಚ್ಚದ್ ನಾಯಿ. ಕಚ್ಚುಕೆ ಬಿಟ್ಟದ್ ನಾನ್." ಉಸಿರು ತೆಗೆದುಕೊಂಡ. "ಬಾಗಿ ಮದ್ದಿನ ಖರ್ಚ್ ನಂದ್. ಕಟ್ಟಿ ಹಾಕಿ ಕಾಣುದೂ ನಂದೇ. ಬರ್ಕಣಿ."

ಈ ಸಲ ಚಪ್ಪಾಳೆ ಬೀಳಲಿಲ್ಲ. ಪ್ರಾಸವಿಲ್ಲದ, ಏರಿಳಿತವಿಲ್ಲದ ಮಾತು; ಕೇಳಲು ಬಂದವರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಹಂದೆಯವರ ಮುಖದ ಮೇಲಿನ ನಗು ಮೆಲ್ಲಗೆ ಇಳಿಯಿತು. "ಎಲ್ಲಿ ಕಟ್ತ್ರಿ ಶೆಟ್ರೆ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು. "ಸಾಕ್ದವ್ರ್ ತಮ್ಮ್ ಜಾಗದಗೆ ಕಟ್ಕ್ ಅಂದೇಳಿ ಕಾಯಿದೆ. ಮಂಜಯ್ಯ ಶೆಟ್ರ್ ಅಂಗಳದಗೆ ಬಿಡ್ತ್ರಾ?"

"ಬಿಡುದಿಲ್ಲ. ಇನ್ ನನ್ನೂ ಬಿಡುದ್ ಅನುಮಾನವೇ."

"ಬೀಜಾಡಿಗ್ ಕೊಂಡೋತ್ರಾ?"

"ಅಷ್ಟ್ ದೂರ ಹೋದ್ರೆ ಬಾಗಿಗೆ ದಿನಾ ಕಾಂಬುಕೆ ಸಿಕ್ಕುದಿಲ್ಲ. ಅವ್ಳ್ ಕಣ್ಣಾರೆ ಕಾಣ್ಕ್."

"ಹಾಂಗಾರೆ ನಿಮ್ಮ್ ಜಾಗ ಅಂದ್ರೆ ಯಾವ್ದ್?"

ಬಾಳೆಗೊನೆಯ ಪ್ರಶ್ನೆಯೇ ಇನ್ನೊಂದು ಅಂಗಿ ತೊಟ್ಟುಕೊಂಡು ಬಂದಂತಿತ್ತು. ಲೀಲಾಧರ ಈ ಸಲ ತಡಮಾಡಲಿಲ್ಲ. ಜಗಲಿಯಿಂದ ಇಳಿದ. ಕಚೇರಿಯ ಬಾವಿಕಟ್ಟೆಯ ಮೇಲೆ ಹಳೆಯ ನಾರಿನ ಹಗ್ಗವೊಂದು ಸುರುಳಿಯಾಗಿ ಬಿದ್ದಿತ್ತು. ಅದನ್ನು ಎತ್ತಿಕೊಂಡು ಒಂದು ತುದಿಯನ್ನು ಬೊಳ್ಳನ ಕೊರಳಿನ ಗಾಯ ತಪ್ಪಿಸಿ ಕಟ್ಟಿದ. ಇನ್ನೊಂದು ತುದಿಯನ್ನು ಪಂಚೆಯ ಮೇಲೆ ತನ್ನ ಸೊಂಟಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕಿದ. ಎಳೆದು ನೋಡಿದ. "ಇದೇ ಜಾಗ ಹಂದೆಯವ್ರೆ. ಹತ್ತ್ ದಿನ ನಾನ್ ಎಲ್ಲಿ ಕೂತ್ರೆ ಅಲ್ಲಿ. ಸದ್ಯ ನಿಮ್ಮ್ ಜಗಲಿ ಮೇಲೆ ಕೂತ್ಕಂತೆ." ಯಾರೋ ಕಿಸಕ್ಕೆಂದರು, ಹಂದೆಯವರು ತಲೆಯೆತ್ತಿದ್ದೇ ಆ ನಗು ನಿಂತಿತು. ಅವರು ಜಗಲಿಯ ಮೂಲೆಯಲ್ಲಿದ್ದ ಚಾಪೆಯನ್ನು ಕಾಲಿನಿಂದ ಅವನ ಕಡೆಗೆ ಸರಿಸಿದರು.

ಜನ ಕರಗಿದರು. ದುಗ್ಗಪ್ಪ ಒಂದು ಲೋಟ ಚಹಾವನ್ನೂ ತೆಂಗಿನ ಚಿಪ್ಪಿನಲ್ಲಿ ನೀರನ್ನೂ ತಂದು ಸ್ವಲ್ಪ ದೂರದಲ್ಲೇ ಇಟ್ಟು ಹೋದ. ಲೀಲಾಧರ ಜಗಲಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ. ಬೊಳ್ಳ ಎದ್ದಾಗಲೆಲ್ಲ ಹಗ್ಗ ಅವನ ಸೊಂಟವನ್ನು ಜಗ್ಗುತ್ತಿತ್ತು. ಈ ಸುದ್ದಿ ಇಷ್ಟು ಹೊತ್ತಿಗೆ ಹೆಬ್ಬಾಗಿಲು ಮುಟ್ಟಿರುತ್ತದೆ. ಮಂಜಯ್ಯ ಶೆಟ್ಟರು ಆರಾಮಕುರ್ಚಿಯಿಂದ ಎದ್ದು ನಿಂತಿರುತ್ತಾರೆ. ಪೆಟ್ಟಿಗೆಯನ್ನು ಯಾರ ಕೈಯಲ್ಲಾದರೂ ಕಳುಹಿಸಿದರೂ ಕಳುಹಿಸಿಯಾರು. ಉಮಾವತಿ ಬರುತ್ತಾಳೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ, ಬರಲೆಂದು ಆಸೆಯಿತ್ತು. ಹೊಟ್ಟೆ ಹಸಿದಿತ್ತು. ಇದೆಲ್ಲದರ ನಡುವೆ ತಾನು ಯಾಕೆ ಇಷ್ಟು ನೆಟ್ಟಗೆ ಕುಳಿತಿದ್ದೇನೆಂದು ಅವನಿಗೇ ಆಶ್ಚರ್ಯವಾಯಿತು.

ಬಾಗಿ ಗೇರುಮರ ಬಿಟ್ಟು ಹೋಗಿರಲಿಲ್ಲ. ಅವಳು ಕುಂಟುತ್ತ, ನಿಂತು, ಮತ್ತೆ ಕುಂಟುತ್ತ ಜಗಲಿಯ ಬುಡದವರೆಗೂ ಬಂದಳು. ಬೊಳ್ಳ ಚಿಪ್ಪಿನೊಳಗೆ ಮೂತಿಯಿಟ್ಟು ಲೊಟಲೊಟನೆ ನೀರು ಕುಡಿಯುವುದನ್ನು ಮುಗಿಯುವವರೆಗೂ ನೋಡಿದಳು. ಆಮೇಲೆ ಹಗ್ಗವನ್ನು ನೋಡಿದಳು, ಹಗ್ಗ ಹೋಗಿ ಸೇರಿದಲ್ಲಿ ನೋಡಿದಳು.

"ಒಡೇರೆ, ಅದ್ಕೆ ಹುಚ್ಚ್ ಹಿಡಿತೋ, ಮೊದ್ಲ್ ಕಚ್ಚುದ್ ನಿಮ್ಗೇ."

"ಹೌದ್ ಬಾಗಿ," ಎಂದ ಲೀಲಾಧರ ಶೆಟ್ಟಿ. "ಸಾಕ್ದವ್ರಿಗೇ ಮೊದ್ಲ್ ಕಚ್ಬೇಕ್."